ಭಾರತಮ್ಮನ ತಾತ್ಸಾರ

ಉಪ್ಪಿಟ್ಟಿನ ತಟ್ಟೆಯನ್ನು ಭಾರತಮ್ಮ ಎರಡು ಬೆರಳಲ್ಲಿ ದೂರ ತಳ್ಳಿದರು.

"ಉಪ್ಪು ಜಾಸ್ತಿ."

ಸುಬ್ಬರಾಯಪ್ಪನವರ ಮುಖ ಇಳಿಯಿತು. ಗೌನಿಪಲ್ಲಿಯ ಈ ಮನೆಗೆ ಹೆಣ್ಣು ನೋಡಲು ಬಂದವರಲ್ಲಿ ಇವರು ನಾಲ್ಕನೆಯವರು. ಮೊದಲಿನ ಮೂವರು ಎಷ್ಟು ಒಳ್ಳೆಯವರು! ಮನೆ ಹೊಗಳಿದರು, ಹುಡುಗಿಯನ್ನು ಹೊಗಳಿದರು, ಕಾಫಿಯನ್ನೂ ಹೊಗಳಿದರು. ಆಮೇಲೆ ಫೋನ್ ಮಾತ್ರ ಬರಲಿಲ್ಲ.

ಮಗಳು ತ್ರಿವೇಣಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವವಳು. ಈಗ ಭಾರತಮ್ಮನ ಪಕ್ಕ ಕೂತಿದ್ದ ಅವರ ಮಗ ಚಂದ್ರಮೋಹನನನ್ನು ಅಲ್ಲೇ, ಕ್ರೇಟುಗಳ ಸಂದಿಯಿಂದ, ಎರಡು ಸೀಸನ್ ನೋಡಿದ್ದಳು. ಮದುವೆಯಾದರೆ ಇವನನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಳು.

"ಏನ್ ಶಾಮಲಮ್ಮ, ಹುಡುಗಿ ಇಷ್ಟು ಪೀಚು? ಬಣ್ಣಾನೂ ಅಷ್ಟಕ್ಕಷ್ಟೆ," ಎಂದರು ಭಾರತಮ್ಮ. "ಮಾತೂ ಬರಲ್ವಾ?"

ತಾಯಿ ಶಾಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ತ್ರಿವೇಣಿ ತುಟಿ ಕಚ್ಚಿ ಹಿಡಿದಳು.

ಅಷ್ಟರಲ್ಲಿ ಚಿಕ್ಕಪ್ಪನ ಮಗಳು ಮೇಘನ ಕಾಫಿ ತಂದಳು. ಭಾರತಮ್ಮ ಅರಳಿದರು. "ಅಬ್ಬಾ, ಎಷ್ಟು ಲಕ್ಷಣವಾಗಿದಾಳೆ! ಚಿನ್ನದಂಥ ಹುಡುಗಿ."

ಶಾಮಲಮ್ಮ ಮೇಘನಳನ್ನು ಬೇಗಬೇಗ ಒಳಗೆ ಕಳಿಸಿದರು. ವಿಚಿತ್ರವೆಂದರೆ, ತ್ರಿವೇಣಿ ನಿರಾಳವಾಗಿ ಉಸಿರು ಬಿಟ್ಟದ್ದು ಆಗಲೇ.

ಸುಬ್ಬರಾಯಪ್ಪ ಎದ್ದು ನಿಂತರು. "ಇದನ್ನ ತಾತ್ಸಾರ ಅಂತಾರೆ ಭಾರತಮ್ಮನೋರೆ. ಕೂಲಿಯವರ ಮನೆ ಅಂತ ತಾತ್ಸಾರ! ಸಾಕು, ಹೊರಡಿ."

ಭಾರತಮ್ಮ ಬಾಗಿಲಾಚೆ ಹೋಗಿ ಒಂದು ಚಪ್ಪಲಿ ಮೆಟ್ಟಿದರು.

ಆಗ ತ್ರಿವೇಣಿ ತಲೆಯೆತ್ತಿದಳು. ಚಂದ್ರಮೋಹನನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಕಿವಿ ಅಗಲ," ಎಂದಳು. "ನಡಿಗೆ ಸೊಟ್ಟ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ."



"ಅಯ್ಯೋ, ಎಲ್ಲಾ ಹಾಳು ಮಾಡಿದ್ಯಲ್ಲೇ!" ಶಾಮಲಮ್ಮ ತಲೆ ಮೇಲೆ ಕೈ ಹೊತ್ತರು.

ಭಾರತಮ್ಮ ಚಪ್ಪಲಿ ಕಳಚಿದರು. ಒಳಗೆ ಬಂದು, ಬ್ಯಾಗಿನಿಂದ ಮಲ್ಲಿಗೆ ದಂಡೆ ತೆಗೆದು ತ್ರಿವೇಣಿಗೆ ಮುಡಿಸಿದರು. "ಲೇ ಚಂದ್ರ, ನಿನ್ನ ಕಥೆ ಮುಗೀತು ಕಣೋ!"

ಬೇಡದ್ದನ್ನು ಹೊಗಳಿ ಕಳಿಸಬೇಕು, ಕೊಳ್ಳುವ ಕಾಯಿಗೆ ಮಾತ್ರ ಹುಳುಕು ಹುಡುಕಬೇಕು: ಮಂಡಿಯಲ್ಲಿ ತ್ರಿವೇಣಿಗೆ ಇದನ್ನು ಕಲಿಸಿದ ಯಜಮಾನಿ ಭಾರತಮ್ಮನೇ.