ಗಿಲಕಿ ಅಜ್ಜಿ

ಶಾಲೆಯ ಗ್ರಂಥಪಾಲಕಿ ಅಂಬುಜಾಕ್ಷಿ ಮಿಸ್ 'ಶ್!' ಎಂದರೆ, ನಂಬಿ, ತಿರುಗುತ್ತಿದ್ದ ಫ್ಯಾನೂ ಗಕ್ಕನೆ ನಿಲ್ಲುತ್ತಿತ್ತು. ಗೋಡೆಯ ಹಲ್ಲಿ ಲೊಚಗುಟ್ಟುವುದನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿತ್ತು. 'ಗಿಲಕಿ ಅಜ್ಜಿ' ಎಂಬ ಹೆಸರಿನಲ್ಲಿ ಮಕ್ಕಳ ಕತೆ ಬರೆಯುವವರು ತಾವೇ ಎಂಬ ಗುಟ್ಟನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳಲು ಯಾರೂ ಇರಲೂ ಇಲ್ಲ. ಮಧ್ಯಾಹ್ನದ ಊಟವೂ ಕಪಾಟುಗಳ ಜೊತೆಗೇ.

ಅಂದು ಪುಟ್ಟ ಹುಡುಗಿಯೊಬ್ಬಳು ಗಿಲಕಿ ಅಜ್ಜಿಯ ಪುಸ್ತಕ ಓದುತ್ತ ಏಳು ಊರಿಗೆ ಕೇಳುವಂತೆ ನಕ್ಕಳು. ಮಿಸ್‌ಗೆ 'ಶ್' ಎನ್ನಲು ಬಾಯಿ ಬರಲಿಲ್ಲ. ಹೋಗಿ ಪಕ್ಕದಲ್ಲಿ ಕೂತರು.

"ಅಷ್ಟು ಇಷ್ಟಾನಾ?"

"ಹೂಂ ಮಿಸ್. ಈ ಅಜ್ಜೀನ ಒಂದ್ಸಲ ನೋಡ್ಬೇಕು."

ಮಿಸ್ ಅವಳ ಕಿವಿಯ ಬಳಿ ಬಾಗಿದರು. "ಅದು ನಾನೇ ಕಣೇ."

ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ದೂರ ಸರಿದಳು.

"ಸುಳ್ಳು ಹೇಳ್ಬೇಡಿ ಮಿಸ್. ಅವ್ರಿಗೆ ಮಕ್ಕಳಂದ್ರೆ ಇಷ್ಟ."