ಪಟ್ಟೆಯ ಮರ್ಯಾದೆ

ಕೋಳಿಗೂಡಿನ ಬಾಗಿಲಲ್ಲಿ ಮಲಗಿದ್ದ ಕೆಂಪು, ಹಳದಿ, ಕಪ್ಪು ಪಟ್ಟೆಗಳ ಹಾವನ್ನು ಹಾಯ್ಟ್ ಬರಿಗೈಯಲ್ಲೇ ಎತ್ತಿಕೊಂಡ.

“ರೀ, ಬಿಡ್ರೀ ಅದನ್ನ! ಕೆಂಪಿಗೆ ಹಳದಿ ತಾಗಿದೆ, ಕಾಣ್ಸಲ್ವಾ?” ಮೊಟ್ಟೆ ತೆಗೆಯಲು ಬಂದಿದ್ದ ಹೆಂಡತಿ ಡೆಲ್ಮಾ ಕೂಗಿದಳು.

“ನಿನ್ನ ಕನ್ನಡಕ ಬದಲಾಯಿಸ್ಬೇಕು ಕಣೇ. ವಿಷದ್ದು ಈ ಕಾಡಲ್ಲಿ ಎಲ್ಲಿ ಉಳಿದಿದೆ? ಇದು ವೇಷ ಹಾಕ್ಕೊಂಡಿರೋ ಸಾಧು.”

ಹಾಗೆನ್ನಲು ಕಾರಣವಿತ್ತು. ಹವಳದ ಹಾವು ಕಚ್ಚಿ ಅವನ ನಾಯಿ ಸತ್ತಿತ್ತು. ಅಂದಿನಿಂದ ಫ್ಲೋರಿಡಾದ ಆ ಪೈನ್ ಕಾಡಿನಲ್ಲಿ ಕಣ್ಣಿಗೆ ಬಿದ್ದ ಹವಳದ ಹಾವನ್ನೆಲ್ಲ ಅವನು ಗುದ್ದಲಿಯಿಂದ ಕಡಿದಿದ್ದ. ಅದರಂತೆಯೇ ಕಾಣುವ, ಆದರೆ ಕೆಂಪು ಪಟ್ಟೆಗೆ ಹಳದಿಯ ಬದಲು ಕಪ್ಪು ತಾಗಿರುವ, ವಿಷವಿಲ್ಲದ ಹಾವುಗಳನ್ನು ಮಾತ್ರ ಬಿಟ್ಟಿದ್ದ. ಹಿಂದೆ ಪಟ್ಟೆ ಕಂಡರೆ ಕೊಂಬೆ ಬಿಟ್ಟಿಳಿಯದಿದ್ದ ಗಿಡುಗಗಳು ಹಸಿವು ತಾಳದೆ ಒಂದನ್ನು ತಿಂದು ನೋಡಿದವು. ಏನೂ ಆಗಲಿಲ್ಲ. ಆಮೇಲೆ ಪಟ್ಟೆ ಕಂಡಲ್ಲೆಲ್ಲ ಎರಗಿದವು. ಅಷ್ಟು ಕೆಂಪಗಿದ್ದ ಮೇಲೆ ಹುಡುಕುವ ಕಷ್ಟವೂ ಇರಲಿಲ್ಲ. ಸಾಧು ಹಾವುಗಳೂ ಅಪರೂಪವಾದವು.

“ದೊಡ್ಡಣ್ಣನ್ನ ನೀವು ಕೊಂದ್ರಿ. ಅವನ ಹೆಸರು ಹೇಳ್ಕೊಂಡು ಬದುಕಿದ್ದ ತಮ್ಮಂದಿರನ್ನ ಇನ್ಯಾರು ಲೆಕ್ಕಕ್ಕಿಡ್ತಾರೆ?” ಎಂದು ಡೆಲ್ಮಾ ಆಗಲೇ ಹೇಳಿದ್ದಳು. ಹಾಯ್ಟ್ ನಕ್ಕಿದ್ದ. ಗಿಡುಗಗಳ ಹಾಗೆ ಅವನಿಗೂ ಪಟ್ಟೆಯ ಭಯ ಹೋಗಿತ್ತು.

ಹಾವು ಅವನ ಬೆರಳ ಸಂದಿಯನ್ನು ಕಚ್ಚಿ ಹಿಡಿಯಿತು. ಅವನು ಕೊಡವಿ ಬಿಸಾಡಿದ. ಅಂಥ ನೋವೇನೂ ಆಗಲಿಲ್ಲ.

“ನೋಡು, ಇಷ್ಟೇ,” ಎಂದ. ಡೆಲ್ಮಾ ಕೇಳಲಿಲ್ಲ. ಅವನನ್ನು ಎಳೆದೊಯ್ದು ಗಾಡಿಗೆ ಹತ್ತಿಸಿದಳು. ಹೊಳೆಯ ಸೇತುವೆ ದಾಟುವಷ್ಟರಲ್ಲಿ ಅವನ ರೆಪ್ಪೆಗಳು ಇಳಿಬಿದ್ದಿದ್ದವು.

“ಡೆಲ್ಮಾ... ರಸ್ತೆ ಎರಡಾಗಿದೆ.” ನಾಲಿಗೆ ದಪ್ಪಗಾಗಿ ತೊದಲಿತು.

“ಒಂದೇ ಇದೆ. ನಾನು ನೋಡ್ಕೋತೀನಿ. ನೀವು ಮಾತಾಡ್ತಾ ಇರಿ.”

ಆಮೇಲೆ ದಾರಿಯುದ್ದಕ್ಕೂ ಅವನ ನಾಲಿಗೆ ಹೊರಳಲಿಲ್ಲ. ಆಸ್ಪತ್ರೆಯಲ್ಲಿ ಬಹಳ ದಿನ ಯಂತ್ರವೇ ಅವನ ಪರವಾಗಿ ಉಸಿರಾಡಿತು. ಮನೆಗೆ ಬಂದಾಗ ಕಾಫಿ ಲೋಟ ಎತ್ತಲು ಎರಡೂ ಕೈ ಬೇಕಾಗಿತ್ತು.

ಚಳಿ ಹುಟ್ಟುವ ಹೊತ್ತಿಗೆ, ಒಂದು ಸಂಜೆ, ಜಗಲಿಯ ಹಲಗೆಯ ಮೇಲೆ ಪಟ್ಟೆಯ ಹಾವೊಂದು ಹರಿದು ಬಂತು. ಹಾಯ್ಟ್ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆಳೆದುಕೊಂಡ. ಡೆಲ್ಮಾ ಬಗ್ಗಿ ನೋಡಿ ಗಟ್ಟಿಯಾಗಿ ನಕ್ಕಳು.

“ಕೆಂಪಿಗೆ ಕಪ್ಪು ತಾಗಿದೆ. ಇದು ಸಾಧುವೇ ಕಣ್ರೀ!”

“ಮೆಲ್ಲಗೆ ಹೇಳೇ,” ಎಂದ ಹಾಯ್ಟ್, ಕಾಲು ಇಳಿಸದೆ. “ಮರದ ಮೇಲೆ ಗಿಡುಗ ಕೂತಿದೆ, ಕೇಳಿಸ್ಕೊಂಡೀತು.”