ಒಂದು ಗೇಣು ಮೆಟ್ಟಿಲು

"ಹತ್ತು ಮೀಟರ್ ಹದಿನೆಂಟು ಸೆಂಟಿಮೀಟರ್" ಎಂದು ಬಂದರಿನ ಪರವಾನಗಿ ಅಧಿಕಾರಿಣಿ ಅಳತೆಯ ಟೇಪನ್ನು ಸರಕ್ಕನೆ ಒಳಗೆಳೆದುಕೊಂಡಳು. ದೋಣಿಯಲ್ಲಿ ನಿಂತಿದ್ದ ಮುದಿ ಬಡಗಿ ನಂಬಲಾರದೆ ಆ ಟೇಪನ್ನೇ ನೋಡಿದ. ಅದು ಅವನು ಕೈಯಾರೆ ಕಟ್ಟಿದ ದೋಣಿ. ಉದ್ದ ಒಂಬತ್ತು ಮೀಟರ್ ತೊಂಬತ್ತೈದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

"ಇನ್ನೊಂದು ಸಲ ಅಳೀರಿ ಮೇಡಂ."

"ಎರಡು ಸಲ ಅಳೆದಾಯ್ತು ಯಜಮಾನ್ರೇ. ಹಿಂದೆ ಒಂದು ಮೆಟ್ಟಿಲು ಚಾಚ್ಕೊಂಡಿದೆಯಲ್ಲ, ಅದೂ ಸೇರುತ್ತೆ. ಹೊರದೇಶದ ಖಾಸಗಿ ದೋಣಿ ಹತ್ತು ಮೀಟರ್ ಒಳಗಿದ್ರೆ ಇಲ್ಲೇ ಶುಲ್ಕ ಕಟ್ಟಿಸ್ಕೊಂಡು ಈಗಲೇ ಪರವಾನಗಿ ಕೊಡ್ತೀನಿ. ಹೆಚ್ಚಿದ್ರೆ ಅರ್ಜಿ ರಾಜಧಾನಿಗೆ ಹೋಗಿ ಬರಬೇಕು, ಹತ್ತು ದಿನ. ಅಲ್ಲಿವರೆಗೂ ನೀವಿಬ್ಬರೂ ನೆಲಕ್ಕೆ ಕಾಲಿಡೋ ಹಾಗಿಲ್ಲ."

ಹತ್ತು ದಿನ. ಈ ದೇಶಕ್ಕೆ ಬಂದು ನೆಲೆಸಿರುವ ಮಗಳ ಹೊಲಿಗೆ ಅಂಗಡಿ ನಾಳೆ ಬೆಳಿಗ್ಗೆಯೇ ಶುರು, ಆ ಅಂಗಡಿಯ ಬಾಗಿಲು ಇರುವುದು ಈ ದೋಣಿಯಲ್ಲಿ. ಬಡಗಿ ಎರಡು ತಿಂಗಳು ಕೂತು ಮಾಡಿದ ತೇಗದ ಬಾಗಿಲು ಅದು. ಮುಖ ಕಾಣುವಷ್ಟು ಹೊಳಪು ಬರಿಸಿ, ದೋಣಿಯಲ್ಲಿದ್ದ ಒಂದೇ ಒಂದು ಕಂಬಳಿಯನ್ನು ಅದಕ್ಕೆ ಹೊದಿಸಿ ತಂದಿದ್ದ. ದಾರಿಯುದ್ದಕ್ಕೂ ಚಳಿಯಲ್ಲಿ ನಡುಗಿದ ಹೆಂಡತಿ, "ಮದುವೆಯಾದ ಹೊಸದರಲ್ಲೂ ನನ್ನನ್ನ ಇಷ್ಟು ಜೋಪಾನ ಮಾಡಿರಲಿಲ್ಲ ನೀವು" ಎಂದು ಅಣಕಿಸಿದ್ದಳು. ಈಗ ಮಗಳು ಕಟ್ಟೆಯ ತುದಿಯಲ್ಲಿ, ಕಬ್ಬಿಣದ ಗೇಟಿನ ಆಚೆ ನಿಂತು ಒಂದೇ ಸಮನೆ ಕೈಬೀಸುತ್ತಿದ್ದಳು. ಇಲ್ಲಿ ನಡೆಯುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

ಅಧಿಕಾರಿಣಿ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಬಿಚ್ಚಿ ತೆಗೆಯೋ ಭಾಗ ಅಳತೆಗೆ ಬರಲ್ಲ. ಆ ಮೆಟ್ಟಿಲಿಗೆ ಸ್ಕ್ರೂ ತಾನೆ ಹಾಕಿರೋದು?"

ಹೂಂ ಅಂದಿದ್ದರೆ ಕೆಲಸ ಮುಗಿಯುತ್ತಿತ್ತು. ಹೆಂಡತಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು ಕೂಡ. ಆದರೆ ಕೇಳಿದ್ದು ಅವನ ಕಸುಬಿನ ಮಾತು, ಅದರಲ್ಲೂ ಸ್ಕ್ರೂ ವಿಚಾರ. ಬಡಗಿ ಎದೆ ಸೆಟೆಸಿದ. "ನನ್ನ ಜನ್ಮದಲ್ಲಿ ಸ್ಕ್ರೂ ಮುಟ್ಟಿಲ್ಲ ಮೇಡಂ. ಪೂರ್ತಿ ಮರದ ಗೂಟ, ಅಂಟು. ಆನೆ ಬಂದು ನಿಂತ್ರೂ ಅಲ್ಲಾಡಲ್ಲ."

"ಹಾಗಾದ್ರೆ ಅದು ದೋಣಿಯ ಭಾಗವೇ" ಎಂದು ಅವಳು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ಹಾಕಿದಳು.

"ಹೊಗಳ್ಕೊಂಡಿದ್ದು ಸಾಕು, ಗರಗಸ ತನ್ನಿ" ಎಂದಳು ಹೆಂಡತಿ.

"ನಿನಗೋಸ್ಕರ ಮಾಡಿದ್ದು ಕಣೇ ಅದು. ಅದಿಲ್ದೆ ಹೇಗೆ ಇಳೀತೀಯ?"

"ನಾನ್ಯಾಕೆ ಇಳೀಬೇಕು? ನೀವು ಹೋಗಿ ಬಾಗಿಲು ಕೂರಿಸಿ ಬನ್ನಿ. ನಾನು ಇಲ್ಲಿಂದಲೇ ಮಗಳನ್ನ ನೋಡ್ತೀನಿ."

ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಮಂಡಿ ಸವೆದುಹೋಗಿತ್ತು. ಮಗಳು ಓದಿದ್ದು ಆ ತುಳಿತದಿಂದ, ಕಸುಬು ಕಲಿತದ್ದು ಆ ಯಂತ್ರದ ಪಕ್ಕದಲ್ಲಿ ಕೂತು. ದೋಣಿಯ ಅಂಚಿನಿಂದ ಎರಡಡಿ ತಗ್ಗಿಗೆ ಕಾಲು ಹಾಕಲಾಗದೆ ಅವಳು ದೋಣಿ ಹತ್ತಿ ಇಳಿಯುವುದನ್ನೇ ಬಿಟ್ಟಾಗ ಬಡಗಿ ಈ ಒಂದು ಗೇಣಿನ ಮೆಟ್ಟಿಲು ಮಾಡಿಕೊಟ್ಟಿದ್ದ. ಈಗ ಅದಕ್ಕೇ ಗರಗಸ ಇಟ್ಟ. ಗೂಟ ಗಟ್ಟಿಯಿತ್ತು, ಅರ್ಧ ಗಂಟೆ ಹಿಡಿಯಿತು. ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಅವನು ತನ್ನನ್ನೇ ಬೈದುಕೊಂಡ. ಕಚೇರಿ ಮುಚ್ಚುವ ಹೊತ್ತಾಗಿದ್ದರೂ ಅಧಿಕಾರಿಣಿ ಗಡಿಯಾರದ ಕಡೆ ನೋಡದೆ ಕಾದಳು. ಮತ್ತೆ ಅಳೆದಳು. ಒಂಬತ್ತು ತೊಂಬತ್ತೈದು. ಶುಲ್ಕ ಪಡೆದು, ಕಾಗದಕ್ಕೆ ಮುದ್ರೆ ಒತ್ತಿ, ಗೇಟು ತೆಗೆಸಿದಳು.

ಮಗಳು ಓಡಿಬಂದಳು. ಅಮ್ಮ ದೋಣಿಯ ಅಂಚಿಗೆ ಬಂದು ನಿಂತು ಕೈ ಚಾಚಿದಳು. ಬೆರಳಿಗೆ ಬೆರಳು ತಾಗಿತು, ಅಷ್ಟೆ. ಬಡಗಿ ಹೆಂಡತಿಯನ್ನು ಎತ್ತಲು ಬಗ್ಗಿದ.

"ಸುಮ್ನಿರಿ. ಈ ವಯಸ್ಸಲ್ಲಿ ಇಬ್ಬರೂ ನೀರಿಗೆ ಬೀಳೋದು ಬೇಡ" ಎಂದು ಅವಳು ನಕ್ಕಳು. ನಗುವಾಗ ಅವಳ ಕಣ್ಣು ಮಗಳ ಮೇಲೇ ಇತ್ತು. ಬಡಗಿಗೆ ಅದನ್ನು ನೋಡಲಾಗಲಿಲ್ಲ.

ಅವನು ಹಿಂದೆ ತಿರುಗಿ ಕಂಬಳಿ ಕಡೆ ಒಂದು ಗಳಿಗೆ ನೋಡಿದ. ಆಮೇಲೆ ಅದನ್ನು ಎಳೆದು ಹಾಕಿ, ಬಾಗಿಲನ್ನು ಎತ್ತಿ ತಂದು, ದೋಣಿಯಿಂದ ಕಟ್ಟೆಗೆ ಇಳಿಜಾರಾಗಿ ಹಾಸಿದ.

"ತಲೆ ಕೆಟ್ಟಿದೆಯೇನ್ರೀ? ನನ್ನ ಕಾಲು ನೋಡಿ, ಒದ್ದೆ."

"ಕಾಲಿಡು" ಎಂದ ಬಡಗಿ, ಅವಳ ಕೈ ಹಿಡಿದು.

ಒದ್ದೆ ಪಾದಕ್ಕೆ ಗರಗಸದಿಂದ ಉದುರಿದ ಮರದ ಹೊಟ್ಟು ಮೆತ್ತಿಕೊಂಡಿದ್ದರಿಂದ ಅವಳು ಜಾರಲಿಲ್ಲ. ಒಂದೊಂದೇ ಹೆಜ್ಜೆ ಊರಿ ಇಳಿದಳು. ಕೊನೆಯ ಹೆಜ್ಜೆಯಲ್ಲಿ ಮಗಳೇ ಅವಳನ್ನು ತಬ್ಬಿ ಇಳಿಸಿಕೊಂಡಳು. ಅಧಿಕಾರಿಣಿ ಟೇಪನ್ನು ಜೇಬಿಗೆ ಹಾಕಿಕೊಂಡು ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಬಡಗಿ ಬಾಗಿಲನ್ನು ಎತ್ತಿ ಕಚೇರಿಯ ಗೋಡೆಗೆ ಒರಗಿಸಿದ. ಎರಡು ತಿಂಗಳ ಹೊಳಪಿನ ಮೇಲೆ ಆರು ಹೆಜ್ಜೆ ಸ್ಪಷ್ಟವಾಗಿ ಮೂಡಿತ್ತು. ಅವನು ಹೆಗಲ ಮೇಲಿನ ಬಟ್ಟೆ ತೆಗೆದ.

ಮಗಳು ಅವನ ಕೈ ಹಿಡಿದಳು. "ಒರೆಸಬೇಡಪ್ಪ. ಅದರ ಮೇಲೇ ಇನ್ನೊಂದು ಸಲ ವಾರ್ನಿಷ್ ಹೊಡಿ."

ಧೂಳಿನ ಮೇಲೆ ವಾರ್ನಿಷ್ ಹೊಡೆದ ಒಬ್ಬ ಶಿಷ್ಯನನ್ನೂ ನಲವತ್ತು ವರ್ಷದಲ್ಲಿ ಬೈಯದೆ ಬಿಟ್ಟವನಲ್ಲ ಆ ಬಡಗಿ. ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಡಬ್ಬಿ ತರಲು ದೋಣಿಯೊಳಗೆ ಹೋದ.